ತಪಾಸಣೆಯ ದಿನ ಬಚ್ಚಿಟ್ಟ ಮೆಟ್ಟಿಲು

ನಾನು ಎರಡು ಮೆಟ್ಟಿಲಿನ ಒಂದು ಕಬ್ಬಿಣದ ಸ್ಟೂಲು. ಆಸ್ಪತ್ರೆಯಲ್ಲಿ ರೋಗಿಗಳು ಎತ್ತರದ ಮಂಚ ಹತ್ತಿ ಇಳಿಯಲು ಕಾಲಿಡುತ್ತಾರಲ್ಲ, ಅದು. ಬೆಟಗೇರಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ದಾವಲಸಾಬರ ಕೈಯಲ್ಲಿ ಹುಟ್ಟಿದೆ. ಬಣ್ಣ ಒಣಗಿದ ಮೇಲೆ ಅವರು ಎರಡೂ ಕಾಲಿಟ್ಟು ನನ್ನ ಮೇಲೆ ನಿಂತು, ಒಮ್ಮೆ ಜಿಗಿದು, "ಎಮ್ಮಿ ನಿಂತ್ರೂ ಅಲಗಾಡೂದಿಲ್ಲ, ಒಯ್ರಿ" ಎಂದರು. ನನ್ನಂಥವರು ಹದಿನೆಂಟು ಮಂದಿ ಒಂದೇ ಟೆಂಪೋದಲ್ಲಿ ಊರಿನ ದೊಡ್ಡ ಟ್ರಸ್ಟ್ ಆಸ್ಪತ್ರೆಗೆ ಬಂದೆವು.

ನನಗೆ ಸಿಕ್ಕಿದ್ದು ಹೆಂಗಸರ ವಾರ್ಡಿನ ಹನ್ನೆರಡನೇ ಮಂಚ. ನೆಲದ ಹತ್ತಿರ ಬದುಕುವ ನನಗೆ ಮನುಷ್ಯರೆಂದರೆ ಮೊದಲು ಪಾದ, ಆಮೇಲೆ ದನಿ. ಬಾವು ಬಂದ ಪಾದಗಳು, ಕಾಲುಂಗುರ ಸಡಿಲಾದ ಪಾದಗಳು, ಹೆರಿಗೆಯಾದ ಮರುದಿನ ನಡುಗುತ್ತಾ ಇಳಿದ ಪಾದಗಳು. ಎಲ್ಲರೂ ಇಳಿಯುವಾಗ ಒಂದು ಕ್ಷಣ ನನ್ನ ಮೇಲೆ ಪೂರ್ತಿ ಭಾರ ಬಿಡುತ್ತಿದ್ದರು. ಆ ಒಂದು ಕ್ಷಣಕ್ಕಾಗಿಯೇ ನನ್ನನ್ನು ಮಾಡಿದ್ದು.

ನನ್ನನ್ನು ಹೆಚ್ಚು ಬಳಸಿದವರು ಸುವಾರ್ತಾ ಸಿಸ್ಟರ್. ಕುಳ್ಳಗಿದ್ದ ಅವರು ಸಲೈನ್ ಬಾಟಲಿ ಬದಲಿಸಬೇಕಾದರೆ ನನ್ನನ್ನು ಕಾಲಿನಿಂದಲೇ ಎಳೆದುಕೊಂಡು ಹತ್ತುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ನನ್ನ ಬಣ್ಣ ಹೋಯಿತು, ಅಂಚಿಗೆ ತುಕ್ಕು ಹಿಡಿಯಿತು, ಒಂದು ಕಾಲಿನ ರಬ್ಬರು ಕಳೆದುಹೋಯಿತು. ಸಿಸ್ಟರ್ ಅಲ್ಲಿಗೆ ಬ್ಯಾಂಡೇಜು ಸುತ್ತಿ ಪ್ಲಾಸ್ಟರು ಅಂಟಿಸಿದರು. ನಾನು ಅಲುಗಾಡಲಿಲ್ಲ.

ಆಮೇಲೆ ಆಸ್ಪತ್ರೆಗೆ ಗುಣಮಟ್ಟದ ದೊಡ್ಡ ಸರ್ಟಿಫಿಕೇಟು ತರಬೇಕೆಂದು ಮೇಲಿನವರು ನಿರ್ಧರಿಸಿದರು. ಅದಕ್ಕಾಗಿಯೇ ಅರ್ಪಿತಾ ಎಂಬ ಹೊಸ ಅಧಿಕಾರಿ ಬಂದರು. ಎಲ್ಲರೂ ಅವರನ್ನು ಕ್ವಾಲಿಟಿ ಮೇಡಂ ಎಂದೇ ಕರೆದರು. ಅವರ ಬೂಟಿನ ಸದ್ದು ಕೇಳಿದರೆ ಸಿಸ್ಟರುಗಳ ನಡಿಗೆ ಬದಲಾಗುತ್ತಿತ್ತು. ಇಪ್ಪತ್ತಾರು ರೋಗಿಗಳಿಗೆ ಇಬ್ಬರೇ ಸಿಸ್ಟರುಗಳು. ಹೊಸ ಫಾರ್ಮುಗಳು ಮಾತ್ರ ವಾರವಾರಕ್ಕೂ ಹೆಚ್ಚಿದವು. ಫ್ರಿಜ್ಜಿನ ಉಷ್ಣತೆಗೊಂದು, ಬೆಡ್‌ಶೀಟಿಗೊಂದು, ರೋಗಿ ಬೀಳುವ ಅಪಾಯ ಎಷ್ಟಿದೆ ಎಂಬುದಕ್ಕೊಂದು. ಕೈ ತೊಳೆಯುವ ಕ್ರಮವನ್ನು ಬಾಯಿಪಾಠ ಮಾಡಬೇಕು, ಆಸ್ಪತ್ರೆಯ ಧ್ಯೇಯವಾಕ್ಯ ತಪ್ಪಿಲ್ಲದೆ ಹೇಳಬೇಕು. ಡ್ಯೂಟಿ ಮುಗಿದ ಮೇಲೂ ಎರಡು ತಾಸು ಕೂತು ಬರೆಯುತ್ತಿದ್ದರು.

"ಪೇಶಂಟ್ ಮುಖಾ ನೋಡಿ ಎಷ್ಟ ದಿನಾ ಆತು ಹೇಳ್ರಿ," ಎಂದು ಸುವಾರ್ತಾ ಒಮ್ಮೆ ಜೊತೆಯವರಿಗೆ ಹೇಳಿದ್ದು ಕೇಳಿದ್ದೇನೆ. "ಕೈ ಹ್ಯಾಂಗ ತೊಳೀಬೇಕು ಅಂತ ಹೇಳಾಕ ಕಲ್ತೇವಿ. ತೊಳಿಯಾಕ ಹೊತ್ತಿಲ್ಲ."

ಸರ್ಟಿಫಿಕೇಟು ಕೊಡುವವರ ತಪಾಸಣೆಯ ಹಿಂದಿನ ದಿನ ಸಂಜೆ ಕ್ವಾಲಿಟಿ ಮೇಡಂ ಕೊನೆಯ ಸುತ್ತು ಬಂದರು. ನನ್ನ ಮುಂದೆ ನಿಂತರು.

"ಇದೇನು ಸಿಸ್ಟರ್, ತುಕ್ಕು, ಬ್ಯಾಂಡೇಜು? ಇಂಥದ್ದು ಕಣ್ಣಿಗೆ ಬಿದ್ದರೆ ಮಾರ್ಕ್ಸ್ ಹೋಗುತ್ತೆ. ಎಲ್ಲಾ ತೆಗೆಸಿ."

"ಹೊಸಾವು ಬಂದಾವ್ರೀ ಮೇಡಂ?" ಎಂದು ಕೇಳಿದರು ಸುವಾರ್ತಾ.

"ಆರ್ಡರ್ ಮಾಡಿದೀವಿ. ಮುಂದಿನ ವಾರ ಬರುತ್ತೆ."

"ಅಲ್ಲೀತನಕ ಇರಲಿ ಬಿಡ್ರೀ. ಹನ್ನೆರಡನೇ ಬೆಡ್ಡಿನ ಅವ್ವ ಇದಿಲ್ದ ಇಳಿಯಂಗಿಲ್ಲ."

ಕ್ವಾಲಿಟಿ ಮೇಡಂ ವಾರ್ಡಿನ ಮುಖ್ಯಸ್ಥೆ ಶಶಿಕಲಾ ಬಾಯಾರ ಕಡೆ ನೋಡಿದರು. ಶಶಿಕಲಾ ಬಾಯಾರು ಮೂವತ್ತೆರಡು ವರ್ಷ ಸೇವೆ ಮಾಡಿದವರು. ಅವರು ತಲೆ ತಗ್ಗಿಸಿ, "ತಗಸ್ರಿ" ಎಂದುಬಿಟ್ಟರು. ನಮ್ಮನ್ನೆಲ್ಲ ಬಟ್ಟೆ ಕೋಣೆಗೆ ಒಯ್ದು ಒಂದರ ಮೇಲೊಂದು ಇಟ್ಟರು. ನಾನು ಬಾಗಿಲ ಸಂದಿಯ ಹತ್ತಿರ ಇದ್ದೆ. ಅಲ್ಲಿಂದ ನನ್ನ ಮಂಚವೂ ಸಿಸ್ಟರುಗಳ ಕೌಂಟರೂ ಕಾಣುತ್ತಿದ್ದವು.

ಆ ಮಂಚದ ಮೇಲೆ ಫಕ್ಕೀರವ್ವ ಇದ್ದರು. ಬೆಟಗೇರಿಯ ಮಗ್ಗದ ಮನೆಯವರು, ಎಪ್ಪತ್ತು ದಾಟಿದವರು. ಎದೆಯ ತೊಂದರೆಯಿಂದ ಕಾಲು ಊದಿ ಬಂದಿದ್ದರು. ನೀರು ಇಳಿಯಲು ಕೊಡುವ ಮಾತ್ರೆ ನುಂಗಿದರೆ ಅರ್ಧ ತಾಸಿಗೊಮ್ಮೆ ಬಚ್ಚಲಿಗೆ ಹೋಗಬೇಕು. ಬೀಳುವ ಅಪಾಯ ಇದೆಯೆಂದು ಸುವಾರ್ತಾ ಅವರ ಮಣಿಕಟ್ಟಿಗೆ ಹಳದಿ ಪಟ್ಟಿ ಕಟ್ಟಿದ್ದರು. ಹತ್ತು ದಿನದಲ್ಲಿ ಅವರ ಪಾದಕ್ಕೆ ನನ್ನ ಜಾಗ ರೂಢಿಯಾಗಿತ್ತು. ಕಣ್ಣು ಹಾಯಿಸದೆಯೇ ಕಾಲು ಇಳಿಬಿಡುತ್ತಿದ್ದರು. ಸ್ಟೂಲು ತೆಗೆದಿದ್ದೇವೆ, ಕರೆಯದೆ ಇಳಿಯಬೇಡ ಎಂದು ಸುವಾರ್ತಾ ಮರುದಿನ ಬೆಳಿಗ್ಗೆ ಎರಡು ಸಲ ಹೇಳಿದರು.

ಹನ್ನೊಂದು ಗಂಟೆಗೆ ತಪಾಸಣೆಯವರು ವಾರ್ಡಿಗೆ ಬಂದರು. ಒಬ್ಬ ಹಿರಿಯ ಹೆಂಗಸು, ಒಬ್ಬ ಗಂಡಸು. ಹಿಂದೆ ಆಡಳಿತಾಧಿಕಾರಿ ಮುಳಗುಂದ ಸಾಹೇಬರು, ಕ್ವಾಲಿಟಿ ಮೇಡಂ. ಇನ್ನೊಬ್ಬ ಸಿಸ್ಟರನ್ನು ಫೈಲು ತರಲು ಕಳಿಸಿದ್ದರು. ಕೌಂಟರಿನ ಮುಂದೆ ಸುವಾರ್ತಾ ಒಬ್ಬರೇ ನಿಂತಿದ್ದರು. ಪ್ರಶ್ನೆಗಳು ಒಂದಾದ ಮೇಲೊಂದು ಬಂದವು. ಅವರ ಬಲಗಾಲಿನ ಹಿಮ್ಮಡಿ ನೆಲಕ್ಕೆ ತಟ್ಟುತ್ತಲೇ ಇತ್ತು.

"ಹಳದಿ ಪಟ್ಟಿ ಇರೋ ರೋಗಿಗೆ ಏನೇನು ಎಚ್ಚರಿಕೆ ತಗೋತೀರಿ?" ಎಂದು ಕೇಳಿದರು ಆ ಹಿರಿಯ ಹೆಂಗಸು.

"ಮಂಚದ ಸರಳು ಮ್ಯಾಲ ಏರಿಸಿರ್ತೇವ್ರಿ. ನೆಲಾ ಒಣಾ ಇಡ್ತೇವ್ರಿ..."

"ಬಾಯೀ," ಎಂದು ಸಿಸ್ಟರನ್ನು ಕರೆದರು ಫಕ್ಕೀರವ್ವ. "ಒಂದೀಟು ಬರ್ರಿ."

ಸುವಾರ್ತಾ ತಿರುಗಿದರು. "ಒಂದ್ ನಿಮಿಷ ಮೇಡಂ..."

"ಮುಗಿಸಿ ಹೋಗಿ ಸಿಸ್ಟರ್," ಎಂದರು ಕ್ವಾಲಿಟಿ ಮೇಡಂ, ಮೆಲ್ಲಗೆ, ಹಲ್ಲಿನ ಸಂದಿಯಲ್ಲಿ.

ಸುವಾರ್ತಾ ನಿಂತರು. "ಕರಿಯೂ ಗಂಟಿ ಕೈಗೆ ಸಿಗೂವಂಗ ಇಟ್ಟಿರ್ತೇವ್ರಿ. ಮಂಚದ ಬಾಜೂಕ ಕಾಲಿಡಾಕ..." ಎಂದವರು ಅಲ್ಲೇ ತಡೆದರು.

"ಎವ್ವಾ, ತಡ್ಯಾಕ ಆಗವಲ್ದು," ಎಂಬ ದನಿ ಬಂತು.

ಸರಳು ಮುಗಿಯುವ ಕಾಲ್ದೆಸೆಯಲ್ಲಿ ಫಕ್ಕೀರವ್ವ ಪಕ್ಕಕ್ಕೆ ಸರಿಯುವುದು ಸಂದಿಯಿಂದ ನನಗೆ ಕಂಡಿತು. ಊದಿದ ಎಡಗಾಲು ಕೆಳಗೆ ಬಂತು. ನಾನು ಇರುತ್ತಿದ್ದ ಜಾಗದಲ್ಲಿ ಅದು ಒಂದು ಕ್ಷಣ ಹುಡುಕಿತು. ನನಗೆ ಕೂಗಲು ಬಾಯಿಲ್ಲ, ಓಡಲು ನಾಲ್ಕು ಕಾಲಿದ್ದರೂ ಉಪಯೋಗವಿಲ್ಲ.

ಬಿದ್ದ ಸದ್ದು ದೊಡ್ಡದಾಗಿರಲಿಲ್ಲ. ಆಮೇಲೆ ಬಂದ ನರಳಾಟಕ್ಕೆ ಇಡೀ ವಾರ್ಡು ಎದ್ದು ಕೂತಿತು. ಸುವಾರ್ತಾ ಓಡಿದರು. ಡಾಕ್ಟರು ಬಂದರು, ಸ್ಟ್ರೆಚರು ಬಂತು. ಎಕ್ಸ್‌ರೇಯಲ್ಲಿ ಚಪ್ಪೆಯ, ಅಂದರೆ ಸೊಂಟದ ಕೀಲಿನ, ಎಲುಬು ಮುರಿದಿದ್ದು ಕಂಡಿತು.

ಒಂದು ತಾಸಿನ ಮೇಲೆ ಬಟ್ಟೆ ಕೋಣೆಯ ಬಾಗಿಲು ತೆರೆಯಿತು. ಶಶಿಕಲಾ ಬಾಯಾರು ಸುವಾರ್ತಾರನ್ನು ಒಳಗೆ ಕರೆತಂದು ಬಾಗಿಲು ಮುಚ್ಚಿದರು. ಅವರ ಕೈಯಲ್ಲಿ ರೋಗಿ ಬಿದ್ದದ್ದು ಹೇಗೆಂದು ಬರೆದುಕೊಡುವ ಫಾರ್ಮು ಇತ್ತು. ಸುವಾರ್ತಾ ನನ್ನನ್ನು ಕೆಳಗಿಳಿಸಿ, ಮೇಲಿನ ಮೆಟ್ಟಿಲ ಮೇಲೆ ಕುಸಿದರು.

"ತಪಾಸಣಿಯವರು ಫಾರ್ಮ್ ಕೇಳಾಕತ್ಯಾರ," ಎಂದರು ಶಶಿಕಲಾ ಬಾಯಾರು. "ಹೇಳಿದ ಮಾತು ಕೇಳದ ರೋಗಿ ತಾನಾಗೇ ಇಳದಾಳ ಅಂತ ಬರೀಬೇಕಂತ. ಮುಳಗುಂದ ಸಾಹೇಬ್ರು ಹೊರಗ ನಿಂತಾರ."

"ಹಂಗ ಬರೀಲ್ಯಾ, ಬಾಯಾರ?"

"ನೀ ಇನ್ನೂ ಕಾಂಟ್ರ್ಯಾಕ್ಟಿನ್ಯಾಗ ಅದಿ. ನಂದು ನೌಕರಿ ಎಂಟು ತಿಂಗಳ ಉಳದೈತಿ. ಏನಂತ ಹೇಳ್ಲಿ ನಾ ನಿನಗ?"

ಬಾಗಿಲು ಬಡಿದ ಸದ್ದಾಯಿತು. "ಆತೇನ್ರೀ?" ಎಂಬುದು ಸಾಹೇಬರ ದನಿ. ಸುವಾರ್ತಾ ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯತೊಡಗಿದರು. ಎರಡು ಸಲ ಪೆನ್ನು ನಿಂತಿತು.

"ಓದಿ ಹೇಳು," ಎಂದರು ಶಶಿಕಲಾ ಬಾಯಾರು.

ಸುವಾರ್ತಾ ಓದಿದರು. "ತಪಾಸಣೆಗಾಗಿ ಮಂಚದ ಪಕ್ಕದ ಸ್ಟೂಲನ್ನು ಹಿಂದಿನ ದಿನ ತೆಗೆಸಲಾಗಿತ್ತು. ಬದಲಿ ಕೊಟ್ಟಿರಲಿಲ್ಲ. ರೋಗಿ ಎರಡು ಸಲ ಕರೆದರು. ನನಗೆ ಕೇಳಿಸಿತ್ತು. ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದ ಕಾರಣ ನಾನು ಹೋಗಲಿಲ್ಲ."

"ಕಡೀ ಮಾತು ಬ್ಯಾಡಾಗಿತ್ತು. ನಿನ್ನ ಮ್ಯಾಲ ಬರತೈತಿ."

"ಖರೇ ಅದ ಐತಿ ಬಾಯಾರ."

ಶಶಿಕಲಾ ಬಾಯಾರು ಕಾಗದವನ್ನು ತಾವೇ ಒಮ್ಮೆ ಓದಿದರು. ಆಮೇಲೆ ಕೈ ಚಾಚಿದರು. "ಕೊಡಿಲ್ಲೆ ಪೆನ್ನು. ತಗಸ್ರಿ ಅಂದಾಕಿ ನಾನು. ಅದೂ ಬರೀಬೇಕಲ್ಲ." ನಿಂತಲ್ಲೇ ಗೋಡೆಗೆ ಕಾಗದ ಒತ್ತಿ ಬರೆದು ಸಹಿ ಹಾಕಿದರು. ಬಾಗಿಲು ತೆರೆದು, ಸಾಹೇಬರ ಚಾಚಿದ ಕೈಯನ್ನು ದಾಟಿ, ಕಾಗದವನ್ನು ತಪಾಸಣೆಯ ಹಿರಿಯ ಹೆಂಗಸಿನ ಕೈಗೇ ಕೊಟ್ಟರು. ಆಕೆ ಓದಿದರು. ನಡೆದು ಬಂದು ನನ್ನನ್ನು ನೋಡಿದರು, ಏನೋ ಬರೆದುಕೊಂಡರು, ಮುಂದಿನ ವಾರ್ಡಿಗೆ ಹೋದರು.

ಸರ್ಟಿಫಿಕೇಟು ಏಳು ತಿಂಗಳು ತಡವಾಗಿ ಬಂತು. ಹೊಸ ಸ್ಟೀಲಿನ ಸ್ಟೂಲುಗಳು ಮಾತ್ರ ಮೂರೇ ದಿನದಲ್ಲಿ ಬಂದವು. ಫಕ್ಕೀರವ್ವನ ಆಪರೇಷನ್ನನ್ನು ಆಸ್ಪತ್ರೆಯೇ ಮಾಡಿಸಿತು. ಸುವಾರ್ತಾರಿಗೆ ಮೆಮೊ ಕೊಟ್ಟು, ಹೊರರೋಗಿಗಳಿಗೆ ಇಂಜೆಕ್ಷನ್ ಕೊಡುವ ಕೋಣೆಗೆ ಹಾಕಿದರು. ಶಶಿಕಲಾ ಬಾಯಾರು ಹಾರ ತುರಾಯಿ ಇಲ್ಲದೆ ನಿವೃತ್ತರಾದರು. ನಮ್ಮನ್ನು ಗುಜರಿಗೆ ಹಾಕಲು ಹಿತ್ತಲಲ್ಲಿ ರಾಶಿ ಹಾಕಿದ್ದರು. ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿ ಡಾಕ್ಟರು ಒಂದೊಂದನ್ನೇ ಅಲುಗಾಡಿಸಿ ನೋಡಿ ನನ್ನನ್ನು ಆರಿಸಿದರು. ಎಲುಬು ಮುರಿದವರಿಗೆ ಮತ್ತೆ ಮೆಟ್ಟಿಲು ಹತ್ತಲು ಕಲಿಸಬೇಕಿತ್ತು.

ಬಿದ್ದು ಮೂರು ತಿಂಗಳಾದ ಮೇಲೆ ಫಕ್ಕೀರವ್ವ ವಾಕರ್ ಹಿಡಿದು ಆ ವ್ಯಾಯಾಮದ ಕೋಣೆಗೆ ಬಂದರು. ಮಧ್ಯಾಹ್ನ ಊಟದ ಹೊತ್ತಿಗೆ ಸುವಾರ್ತಾ ಬಾಗಿಲ ಹೊರಗೆ ಬಂದು ನಿಲ್ಲುತ್ತಿದ್ದರು. ನಾಲ್ಕು ದಿನ ಒಳಗೆ ಬರಲಿಲ್ಲ. ಐದನೆಯ ದಿನ ಬಂದರು.

"ಬಾಯೀ," ಎಂದರು ಫಕ್ಕೀರವ್ವ. "ನೀವು ಬರ್ತಿದ್ರಿ ಅಂತ ನನಗ ಗೊತ್ತಿತ್ತು. ನಾನ ತಡೀಲಿಲ್ಲ. ನನ್ನಿಂದ ನಿಮಗ ತ್ರಾಸ ಆತು."

"ಇಲ್ಲವ್ವಾ," ಎಂದರು ಸುವಾರ್ತಾ. "ನೀ ಕರದದ್ದು ಕೇಳಿತ್ತು. ಕೇಳೀನೂ ನಾ ನಿಂತಿದ್ದೆ."

ಫಕ್ಕೀರವ್ವನ ಪಾದ ನನ್ನ ಮುಂದೆಯೇ ಇತ್ತು. ಅದು ಕದಲಲಿಲ್ಲ. ಸುವಾರ್ತಾ ಅಲ್ಲೇ ನಿಂತಿದ್ದರು.

"ಹಂಗಾರ ಈಗ ಹಿಡೀರಿ," ಎಂದು ಫಕ್ಕೀರವ್ವ ಕೊನೆಗೆ ಕೈ ಚಾಚಿದರು.

ಆ ದಿನ ಒಂದೇ ಮೆಟ್ಟಿಲು ಹತ್ತಿದರು. ಎರಡನೆಯದು ಆಗಲಿಲ್ಲ. ಇಳಿಯುವಾಗ ಅರ್ಧ ಭಾರ ನನ್ನ ಮೇಲಿತ್ತು, ಅರ್ಧ ಸುವಾರ್ತಾರ ಕೈಯಲ್ಲಿತ್ತು.

ಈಗ ನನಗೆ ವಯಸ್ಸಾಗಿದೆ. ಈ ಕೋಣೆಯ ಕಿಟಕಿಯ ಕೆಳಗೆ ಇರುತ್ತೇನೆ. ತಪಾಸಣೆಯವರು ಇಲ್ಲಿಗೂ ಬರುತ್ತಾರಂತೆ. ಬರಲಿ. ನೋಡಬೇಕಾದವರು ನೋಡಲೇಬೇಕು, ಅದರಲ್ಲಿ ತಪ್ಪಿಲ್ಲ. ಬಂದವರು ಕಾಗದ ನೋಡುವ ಮೊದಲು ಒಮ್ಮೆ ನನ್ನ ಮೇಲೆ ಕಾಲಿಟ್ಟು ನಿಂತು ನೋಡಲಿ ಎಂಬುದಷ್ಟೇ ನನ್ನ ಆಸೆ.