ಲಾಲಮ್ಮನ ನೆಟ್ಟಗಿನ ಸಾಲು

ಯಾರ ಮನೆಗೆ ಹೋದರೂ ಲಾಲಮ್ಮನ ಕಣ್ಣು ಮೊದಲು ಗೋಡೆಯ ಗೂಡಿನ ಕಡೆಗೆ ಹೋಗುತ್ತಿತ್ತು. ಅಲ್ಲಿ ಚಹಾಪುಡಿಯ ಡಬ್ಬಿ ಬೆನ್ನು ಮಾಡಿ ನಿಂತಿದ್ದರೆ ಅದರ ಮುಖವನ್ನು ಈಚೆಗೆ ತಿರುಗಿಸುವಳು. ಸಾಬೂನು ಹಿಂದೆ ಸರಿದಿದ್ದರೆ ಎರಡು ಬೆರಳಿನಿಂದ ಅಂಚಿಗೆ ಎಳೆಯುವಳು. ಸಾವಿನ ಮನೆಗೆ ಹೋದಾಗಲೂ, ಹೊಸ್ತಿಲ ಹೊರಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಇಪ್ಪತ್ತು ಜೋಡಿ ಚಪ್ಪಲಿಗಳನ್ನು ಸಾಲಾಗಿ ಹಚ್ಚಿ, ಆಮೇಲೆ ಒಳಗೆ ಬಂದು ಅತ್ತವಳು ಅವಳು. "ಸತ್ತಾಕಿನ್ನೂ ಎಬ್ಬಿಸಿ ನೆಟ್ಟಗ ನಿಂದ್ರಿಸ್ತಾಳ ಇಕಿ" ಎಂದು ನೆರೆಮನೆಯ ಮಕ್ತುಂಬಿ ಅಂದದ್ದು ಓಣಿಯಲ್ಲಿ ಬಹಳ ದಿನ ಓಡಾಡಿತು.

ಇದು ಶಹಾಪುರದ ದೊಡ್ಡ ಬಜಾರಿನಲ್ಲಿ ಒಂಬತ್ತು ವರ್ಷ ಮಾಲನ್ನು ಸಾಲಾಗಿ ಹಚ್ಚಿದ್ದರಿಂದ ಅಂಟಿದ ಚಾಳಿ. ಭೀಮರಾಯನಗುಡಿಯ ರಸ್ತೆಗೆ ಒಂದು ಸರ್ಕಾರಿ ಬಯಲಿತ್ತು. ಕಾಲುವೆ ತೋಡುವ ಕಾಲದಲ್ಲಿ ಅಲ್ಲಿ ಸಿಮೆಂಟಿನ ಚೀಲಗಳ ರಾಶಿ ಇರುತ್ತಿತ್ತು. ಲಾಲಮ್ಮನ ತಾಯಿ ಆ ಚೀಲಗಳನ್ನು ಹೊತ್ತವಳು. ಹೊರಗಿನ ಕಂಪನಿಯೊಂದು ಅದೇ ಬಯಲಿನಲ್ಲಿ ಗಾಜಿನ ಬಜಾರು ಕಟ್ಟಿದಾಗ ಜಾಗ ಹೆಸರಿಗಷ್ಟೇ ಬಾಡಿಗೆಗೆ ಸಿಕ್ಕಿತು, ಕರೆಂಟು ಅರ್ಧ ದರಕ್ಕೆ, ತೆರಿಗೆ ಐದು ವರ್ಷ ಮಾಫಿ. ಯಾಕೆಂದರೆ ಊರಿನವರಿಗೆ ಕೆಲಸ ಸಿಗಲಿತ್ತು. ಸಿಕ್ಕಿತು. ಲಾಲಮ್ಮನಿಗೂ ಒಂದು ಸಿಕ್ಕಿತು, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ನಿಂತೇ ಇರುವ ಕೆಲಸ. ಕೂಡುವುದಕ್ಕೆ ಸ್ಟೂಲು ಇರಲಿಲ್ಲ. ಹೀಗಾಗಿ ಅವಳು ಒಂದು ಪಾದವನ್ನು ಚಪ್ಪಲಿಯಿಂದ ಬಿಡಿಸಿ ಇನ್ನೊಂದರ ಮೇಲಿಟ್ಟು, ಕೆರೆಯ ಕೊಕ್ಕರೆಯಂತೆ ಅರೆಗಳಿಗೆ ದಣಿವಾರಿಸಿಕೊಳ್ಳುವುದನ್ನು ಕಲಿತಳು; ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಹಾಗೆಯೇ ನಿಂತು ಬರುವಳು.

ಪಗಾರ ಮನೆಬಾಡಿಗೆಗೂ ತಾಯಿಯಿಲ್ಲದ ಮೊಮ್ಮಗಳ ಔಷಧಿಗೂ ಹೋಗುತ್ತಿತ್ತು. ಬಜಾರಿನಲ್ಲಿ ಇಪ್ಪತ್ತು ತರದ ಅಕ್ಕಿಯನ್ನು ಅವಳು ದಿನಾ ಸಾಲಾಗಿ ನಿಲ್ಲಿಸಿದರೂ ಮನೆಯಲ್ಲಿ ಬೇಯುತ್ತಿದ್ದುದು ಹಂಪಣ್ಣನ ರೇಷನ್ ಅಂಗಡಿಯ ಅಕ್ಕಿ. ಮಕ್ತುಂಬಿ ಕೆಣಕಿದರೆ ಲಾಲಮ್ಮ ನಗದೆ ಹೇಳುತ್ತಿದ್ದಳು: "ಕಂಪನಿ ಪಗಾರ ಕೊಡ್ತದ, ಸರ್ಕಾರ ಕೂಳು ಹಾಕ್ತದ. ಇಬ್ರು ಕೂಡಿ ಒಂದಾಳು ಇಟ್ಕೊಂಡಾರ ನೋಡವ್ವಾ."

ಕಂಪನಿ ಕೊಟ್ಟ ನೀಲಿ ಕೋಟೊಂದಿತ್ತು. ಅದನ್ನು ತೊಟ್ಟು ಒಮ್ಮೆ ರೇಷನ್ನಿಗೆ ಹೋದಾಗ, "ಏನವ್ವಾ, ಕಂಪನಿ ನೌಕ್ರಿಯಾಕಿ, ನಮ್ಮ ಬಡವರ ಅಕ್ಕಿ ಮ್ಯಾಲೂ ಕಣ್ಣೇನು?" ಎಂದು ಯಾರೋ ಅಂದಿದ್ದರು. ಅಂದಿನಿಂದ ಕೋಟಿನ ಒಳಮೈ ಹೊರಗೆ ಮಾಡಿ ಮಡಚಿ, ಕಂಕುಳಲ್ಲಿ ಇಟ್ಟುಕೊಂಡೇ ಹೋಗುವಳು.

ಒಂಬತ್ತನೆಯ ವರ್ಷ ಸರ್ಕಾರದ ಹೊಸ ಆದೇಶ ಬಂತು. ರೇಷನ್ ಕಾರ್ಡಿನಲ್ಲಿ ಹೆಸರಿದ್ದವರೆಲ್ಲ ತಿಂಗಳ ಕೊನೆಯೊಳಗೆ ಅಂಗಡಿಗೆ ಬಂದು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಇಲ್ಲದಿದ್ದರೆ ಹೆಸರು ಹೋಗುತ್ತದೆ, ಅಕ್ಕಿಯೂ ಹೋಗುತ್ತದೆ. ಬಜಾರಿನಲ್ಲಿ ಅದೇ ವಾರ ಮಾಲು ಎಣಿಸುವ ಕೆಲಸ, ಯಾರಿಗೂ ರಜೆಯಿಲ್ಲ. ಮೇಲ್ವಿಚಾರಕ ದೇವಿಂದ್ರ ಕಕ್ಕೇರಾದ ಹುಡುಗ, ಮೂವತ್ತು ದಾಟಿರಲಿಲ್ಲ, ಪೆಟ್ಟಿಗೆ ಹೊತ್ತು ಹೊತ್ತೇ ಮೇಲೆ ಬಂದವನು. ಕೊರಳಲ್ಲಿ ಟೈ, ದನಿಯಲ್ಲಿ ಕಲಿತುಕೊಂಡ ಗಡಸು.

"ನಾಳಿ ಒಂದ್ ತಾಸು ಬಿಡ್ರಿ ಸರ. ನಾಳಿಗಿ ಕಡೀ ದಿನ."

"ಒಬ್ಬರಿಗಿ ಬಿಟ್ರ ಎಲ್ಲಾರೂ ಕೇಳ್ತಾರ, ಲಾಲಮ್ಮ. ನಾಳಿ ತಪ್ಪಿಸಿದ್ರ ನಾಡದು ಬರೋದು ಬ್ಯಾಡ. ಮ್ಯಾಲಿನವರ ಹುಕುಂ ಅದ, ನಂದಲ್ಲ."

ಮರುದಿನ ಮುಂಜಾನೆ ಅವಳು ಮೊಮ್ಮಗಳ ಕೈಹಿಡಿದು ಹಂಪಣ್ಣನ ಅಂಗಡಿಗೇ ಹೋದಳು. ನೌಕರಿ ಹೋದರೆ ಇನ್ನೊಂದು ಹುಡುಕಬಹುದು, ಕಾರ್ಡು ಹೋದರೆ ಮತ್ತೊಂದಕ್ಕೆ ಯಾರ ಕಾಲು ಹಿಡಿಯುವುದು? ಅಲ್ಲಿ ಮಂದಿ ನೆರಳಿನಲ್ಲಿ ಕುಳಿತಿದ್ದರು. ಬಿಸಿಲಿನಲ್ಲಿ ಅವರ ಬದಲಿಗೆ ಚೀಲ, ಕಲ್ಲು, ಒಡೆದ ಕೊಡ ಪಾಳಿ ಹಿಡಿದಿದ್ದವು. ಸೊಟ್ಟ ಸಾಲು ಕಂಡದ್ದೇ ಅವಳ ಕೈ ಸುಮ್ಮನಿರಲಿಲ್ಲ. ಒಂದೊಂದನ್ನೂ ಎತ್ತಿ ನೆಟ್ಟಗೆ ಹಚ್ಚಿದಳು.

"ಹಂಗೇ ನಮ್ಮ ಅಂಗಡಿನೂ ಒಂದೀಟು ಗಾಜಿಂದು ಮಾಡಿ ಹೋಗವ್ವಾ" ಎಂದು ಹಂಪಣ್ಣ ಒಳಗಿನಿಂದ ಕೂಗಿದ. ಮಂದಿ ನಕ್ಕರು.

ಅವಳ ಪಾಳಿ ಬಂತು. ಮೊಮ್ಮಗಳ ಬೆರಳನ್ನು ಯಂತ್ರ ಒಮ್ಮೆಗೇ ಒಪ್ಪಿತು. ಲಾಲಮ್ಮನದನ್ನು ಎರಡು ಸಲ ಒಲ್ಲೆನೆಂದಿತು. ರಟ್ಟಿನ ಪೆಟ್ಟಿಗೆ ಎತ್ತಿ ಎತ್ತಿ ಗೆರೆಗಳು ಸವೆದಿದ್ದವು. ಅವಳು ಹೆಬ್ಬೆರಳನ್ನು ಎಣ್ಣೆ ಹಚ್ಚಿದ ಬೈತಲೆಗೆ ಉಜ್ಜಿ ಮತ್ತೆ ಒತ್ತಿದಳು. ಹಸಿರು ದೀಪ ಹತ್ತಿತು.

ಅವಳು ಪಕ್ಕಕ್ಕೆ ಸರಿದು ಚೀಲದ ಬಾಯಿ ಕಟ್ಟುತ್ತಿದ್ದಾಗ ಹಿಂದಿನವನು ಮುಂದೆ ಬಂದ. ತಲೆಯ ಮೇಲಿನಿಂದ ಟವೆಲನ್ನು ಮುಖದ ತನಕ ಎಳೆದುಕೊಂಡಿದ್ದ. ಅಂಗಿಯ ಕಿಸೆಯಿಂದ ಟೈಯ ತುದಿ ಇಣುಕುತ್ತಿತ್ತು. ಲಾಲಮ್ಮ ಒಂದು ಗಳಿಗೆ ಆ ತುದಿಯನ್ನೇ ನೋಡಿ, ಬಗ್ಗಿ ಮತ್ತೆ ಚೀಲದ ಗಂಟಿಗೆ ಕೈಹಾಕಿದಳು. ಯಂತ್ರ ಅವನ ಬೆರಳನ್ನೂ ಒಲ್ಲೆನೆಂದಿತು.

"ನಿನ್ನ ಬೆರಳಿನ್ಯಾಗ ಗೆರಿನೇ ಇಲ್ಲಲ್ಲೋ ತಮ್ಮಾ. ಎಲ್ಲಿ ಕೆಲಸ ಮಾಡ್ತಿ?" ಹಂಪಣ್ಣ ಕೇಳಿದ.

ಅವನು ಟವೆಲನ್ನು ಇನ್ನಷ್ಟು ಕೆಳಗೆಳೆದು ಮತ್ತೆ ಒತ್ತಿದ. ಯಂತ್ರ ಮತ್ತೊಮ್ಮೆ ಕೆಂಪಗೆ ಮಿನುಗಿತು. ಮಂದಿ ಕತ್ತು ಚಾಚಿ ನೋಡತೊಡಗಿದರು.

"ತಲ್ಯಾಗ ಉಜ್ಕೊಂಡು ಒತ್ತು" ಎಂದಳು ಲಾಲಮ್ಮ, ತಿರುಗಿ ನೋಡದೆ. ಒಂಬತ್ತು ವರ್ಷದಲ್ಲಿ ಯಾವ ಮೇಲ್ವಿಚಾರಕನಿಗೂ ಬಿಡದ 'ಸರ' ಎಂಬುದನ್ನು ಅಂದು ಬೇಕೆಂದೇ ಬಿಟ್ಟಳು.

"ಹೂಂ ಯಕ್ಕಾ" ಎಂದಿತು ಟವೆಲಿನೊಳಗಿನ ದನಿ.

ಮರುದಿನ ಅವಳು ಕೋಟು ತೊಟ್ಟು ಬಜಾರಿಗೆ ಹೋದಳು. ದೇವಿಂದ್ರ ಬಾಗಿಲಲ್ಲೇ ಇದ್ದ. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅಕ್ಕಿಯ ಸಾಲಿನ ಹಿಂದೆ ಎಣ್ಣೆಯ ಖಾಲಿ ಪೆಟ್ಟಿಗೆಯೊಂದು, ಕೂಡಲು ತಕ್ಕಂತೆ, ಬೋರಲಾಗಿ ಕಾದಿತ್ತು. ಲಾಲಮ್ಮ ಅದರ ಹೆಸರಿನ ಮಗ್ಗುಲನ್ನು ಈಚೆಗೆ ತಿರುಗಿಸಿದಳು, ಆಮೇಲೆ ಕುಳಿತಳು. ಎಂಟು ದಿನ ಅದು ಅಲ್ಲಿತ್ತು. ಒಂಬತ್ತನೆಯ ದಿನ ತಪಾಸಣೆಗೆ ಬಂದ ಮೇಲಿನವರು ಎತ್ತಿಸಿದರು. ಅವಳು ಮತ್ತೆ ಒಂದು ಪಾದದ ಮೇಲೊಂದು ಪಾದವಿಟ್ಟು ನಿಂತಳು.

ಇಂಥವರನ್ನು ಸರ್ಕಾರದ ಅಕ್ಕಿ ತಿನ್ನುವವರೆಂದು ಲೋಕ ಹಗುರಾಗಿ ಆಡುತ್ತದೆ. ಆ ಅಕ್ಕಿಯ ಬಲದಿಂದ ಯಾರ ಅಂಗಡಿ ನಿಂತಿದೆಯೆಂದು ಕೇಳುವುದಿಲ್ಲ. ಕೇಳುವಷ್ಟು ತ್ರಾಣ ಸಂಜೆಯ ಹೊತ್ತಿಗೆ ಅವರಲ್ಲೂ ಉಳಿದಿರುವುದಿಲ್ಲ. ದಿನವಿಡೀ ಪರರ ಸರಕಿನ ಮುಖವನ್ನು ಬೆಳಕಿಗೆ ತಿರುಗಿಸುತ್ತಲೇ ಸವೆಯುವ ಜನ ಅವರು. ತಮ್ಮಂತೆಯೇ ಸವೆದವನೊಬ್ಬ ಮುಖ ಮುಚ್ಚಿಕೊಂಡು ನಿಂತಾಗ ಮಾತ್ರ, ಅವನ ಮುಖವನ್ನು ಬೆಳಕಿಗೆ ತಿರುಗಿಸದೆ, ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬಲ್ಲರು.