ಕಾವಲುಗಾರನ ಕೊನೆಯ ಮಾತು

ಕೆನಡಾದ ಒಂಟಾರಿಯೊ ಪ್ರಾಂತ್ಯದ ಸರೋವರದ ದಡದ ಊರೊಂದರಲ್ಲಿ ಆರ್ವಿಲ್ ಪೆಟ್ರಿಗೆ ರಂಗಮಂದಿರವೇ ದೇವರ ಮನೆ. ನಲವತ್ತು ವರ್ಷ ಅವನು ಒಂದೇ ಹಳೆಯ ರಾಜನ ನಾಟಕದಲ್ಲಿ ಕೋಟೆಯ ಬಾಗಿಲು ಕಾಯುವವನ ಪಾತ್ರ ಮಾಡಿದ್ದ. ರಾಜರು ಬದಲಾದರು, ರಾಣಿಯರಿಗೆ ಮೊಮ್ಮಕ್ಕಳಾದರು. ಬಾಗಿಲಲ್ಲಿ ಮಾತ್ರ ಅವನೇ. ಆ ಪಾತ್ರಕ್ಕಿದ್ದದ್ದು ಒಂದೇ ಮಾತು, ನಾಟಕದ ಕಟ್ಟಕಡೆಯ ಮಾತು.

ಎದುರಿಗೆ ಪ್ರೇಕ್ಷಕರಿಲ್ಲದೆ ಕೊನೆಯ ಮಾತನ್ನು ಆಡಬಾರದು, ಆಡಿದರೆ ನಾಟಕಕ್ಕೆ ಕೇಡು ಎಂಬುದು ಹಿರಿಯ ನಟರಿಂದ ಬಂದ ಕಟ್ಟುಪಾಡು. ಹಾಗಾಗಿ ತಾಲೀಮಿನಲ್ಲಿ ಆ ಜಾಗ ಬಂದಾಗಲೆಲ್ಲ ಆರ್ವಿಲ್ ಭಕ್ತಿಯಿಂದ ಕಣ್ಣು ಮುಚ್ಚಿ, "ಟರಂಪಂಪಂ" ಎನ್ನುತ್ತಿದ್ದ.

ಈಗ ಅದೇ ನಾಟಕ ಹೊಸ ಕಾಲದ ಸಿನಿಮಾ ಆಗುತ್ತಿತ್ತು. ರಾಜ ಡೋನಟ್ ಅಂಗಡಿಗಳ ಧಣಿಯಾಗಿದ್ದ. ಕಿರೀಟದ ಬದಲು ಹಾಕಿ ಆಟದ ಹೆಲ್ಮೆಟ್ಟು, ರಣರಂಗದ ಬದಲು ಅಂಗಡಿಯ ಹಿಂದೆ ಕಾರು ನಿಲ್ಲಿಸುವ ಬಯಲು. ಅದರ ಗೇಟಿಗೆ ಆರ್ವಿಲ್ ಕಾವಲುಗಾರ. ಎಪ್ಪತ್ತೊಂದರ ವಯಸ್ಸಿನಲ್ಲಿ ಅವನ ಮೊದಲ ಸಿನಿಮಾ.

ಕ್ಯಾಮೆರಾ ಓಡಿತು. ಆರ್ವಿಲ್ ಗೇಟಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ.

"ಟರಂಪಂಪಂ."

"ಕಟ್!" ನಿರ್ದೇಶಕಿ ಡೆಲ್ಫೀನ್ ಆರನೆಯ ಸಲ ಓಡಿಬಂದಳು. "ಸಾರ್, ಇದು ತಾಲೀಮಲ್ಲ. ಮಾತು ಹೇಳಿ, ಮಾತು!"

"ಪ್ರೇಕ್ಷಕರೆಲ್ಲಿ ತಾಯಿ?"

"ಇಲ್ಲೇ ಮೂವತ್ತು ಜನ ನಿಂತಿದ್ದೀವಲ್ಲ!"

"ನೀವು ಕೆಲಸದೋರು. ಟಿಕೆಟ್ ತಗೊಂಡು ಬಂದೋರಲ್ಲ."

"ಜನ ಆಮೇಲೆ ನೋಡ್ತಾರೆ ಸಾರ್, ಥಿಯೇಟರಲ್ಲಿ!"

"ಹಾಗಾದ್ರೆ ನಾನೂ ಆಮೇಲೇ ಹೇಳ್ತೀನಿ."

ಡೆಲ್ಫೀನ್ ಸರೋವರದ ಕಡೆ ನೋಡಿದಳು. ಸೂರ್ಯ ನೀರಿಗಿಳಿಯಲು ಹೊರಟಿದ್ದ. "ಇನ್ನು ಇಪ್ಪತ್ತು ನಿಮಿಷ ಬೆಳಕಿದೆ. ನಾಳೆ ಈ ಜಾಗ ನಮಗಿಲ್ಲ. ನೀವು ಹೇಳದಿದ್ರೆ ಆ ಮಾತನ್ನ ಕಾರಲ್ಲಿ ದಾರಿ ತೋರಿಸೋ ಯಂತ್ರದ ಕೈಲಿ ಹೇಳಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ಆರ್ವಿಲ್ ಗೇಟನ್ನು ಬಿಗಿಯಾಗಿ ಹಿಡಿದುಕೊಂಡ. 'ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ' ಎನ್ನುವ ಆ ದನಿಯ ಪಾಲಿಗೆ ತನ್ನ ನಲವತ್ತು ವರ್ಷದ ಮಾತೇ? ಹೇಳಿದರೆ ಹಿರಿಯರಿಗೆ ದ್ರೋಹ. ಹೇಳದಿದ್ದರೆ ಮಾತೇ ಕೈಬಿಟ್ಟು ಹೋಗುತ್ತದೆ. ಟೋಪಿ ತೆಗೆದು, ದಾರಿ ತೋರಿಸಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಬೇಡಿದ ದಾರಿ ಎದುರಿನ ತಿಂಡಿ ಮೇಜಿನಿಂದ ಬಂತು. ಚಿತ್ರತಂಡಕ್ಕೆ ಪೈ ಎಂಬ ಹಣ್ಣು ತುಂಬಿದ ಸಿಹಿತಿಂಡಿ ಮಾರುತ್ತಿದ್ದ ಚರ್ಚಿನ ಹೆಂಗಸರ ಮುಂದಾಳು ಹ್ಯಾಟಿ ಬ್ರೂಬೇಕರ್ ಸೊಂಟಕ್ಕೆ ಕೈಕೊಟ್ಟು ಬಂದು ನಿಂತಳು.

"ಏನಯ್ಯಾ ಆರ್ವಿಲ್, ಬಾಯಿಗೆ ಬೀಗ ಬಿತ್ತಾ?"

"ಪ್ರೇಕ್ಷಕರಿಲ್ಲ ಹ್ಯಾಟಿ."

"ನಾವೇನು ಬಾತುಕೋಳಿಗಳಾ? ವರ್ಷಾ ವರ್ಷಾ ನಿನ್ನ ನಾಟಕ ನೋಡಿದೋರು ನಾವಲ್ವಾ?"

"ಟಿಕೆಟ್ ಬೇಕಲ್ಲ."

"ಅಯ್ಯೋ, ಇವನ ಶಾಸ್ತ್ರಕ್ಕಿಷ್ಟು!" ಹ್ಯಾಟಿ ಪೈ ಚೀಟಿಗಳ ಪುಸ್ತಕ ಬಿಚ್ಚಿ ಏಳು ಚೀಟಿ ಹರಿದಳು. "ತಗೊಳ್ರೇ. ಒಂದು ಚೀಟಿಗೆ ಒಂದು ತುಂಡು ಸೇಬಿನ ಪೈ, ಒಂದು ನಾಟಕ. ಈಗ ಸಮಾಧಾನಾನಾ?"

ಏಳು ಹೆಂಗಸರು ಮಡಚುವ ಕುರ್ಚಿ ಹಾಕಿಕೊಂಡು ಕ್ಯಾಮೆರಾದ ಹಿಂದೆ ಕೂತರು. ಆರ್ವಿಲ್ ಒಬ್ಬೊಬ್ಬರ ಚೀಟಿಯನ್ನೂ ಪರೀಕ್ಷಿಸಿ, ಅಂಚು ಹರಿದು ಮರಳಿಸಿದ. ಡೆಲ್ಫೀನ್ ತನ್ನ ಉಗುರು ಕಚ್ಚಿದಳು.

ಅವನು ಗೇಟಿಗೆ ಹೋಗಿ ಎದೆಯುಬ್ಬಿಸಿ, ನಲವತ್ತು ವರ್ಷದ ಅಭ್ಯಾಸದಂತೆ ಕೊನೆಯ ಸಾಲಿನವರಿಗೂ ಮುಟ್ಟುವ ಹಾಗೆ ಹೇಳಿದ:

"ದೊರೆಗಳು ಹೋದರು. ಬಾಗಿಲು ಹಾಕುವುದಷ್ಟೇ ನನ್ನ ಕೆಲಸ!"

ಧ್ವನಿ ಹಿಡಿಯುವವನು ಕಿವಿಯ ಹೆಡ್‌ಫೋನು ಕಿತ್ತೆಸೆದ. ಸರೋವರದ ಬಾತುಕೋಳಿಗಳು ಗುಂಪಾಗಿ ಮೇಲೆದ್ದವು. ಆರ್ವಿಲ್ ಇದು ಸಿನಿಮಾ ಎಂಬುದನ್ನೇ ಮರೆತು, ಏಳು ಕುರ್ಚಿಗಳ ಕಡೆ ಬಾಗಿ ನಮಸ್ಕರಿಸಿದ.

'ಕಟ್' ಎನ್ನಲು ತೆರೆದ ಬಾಯನ್ನು ಡೆಲ್ಫೀನ್ ಹಾಗೇ ಮುಚ್ಚಿದಳು. ಬರಿದಾದ ಬಯಲು, ಮುಳುಗುವ ಸೂರ್ಯ, ಯಾರಿಗೋ ತಲೆಬಾಗಿದ ಮುದುಕ. ಕ್ಯಾಮೆರಾ ಓಡುತ್ತಲೇ ಇರಲಿ ಎಂದು ಕೈಸನ್ನೆ ಮಾಡಿದಳು.

ಚಳಿಗಾಲಕ್ಕೆ ಚಿತ್ರ ಊರಿಗೆ ಬಂತು. ಮೊದಲ ಸಾಲಿನಲ್ಲಿ ಆರ್ವಿಲ್, ಅವನ ಹಿಂದೆಯೇ ಹ್ಯಾಟಿ. ಕೊನೆಯ ಮಾತು ಬಂದದ್ದೇ ತಡ, ಮಂದಿರವೆಲ್ಲ ಚಪ್ಪಾಳೆ. ಆರ್ವಿಲ್‌ಗೆ ತಡೆಯಲಾಗಲಿಲ್ಲ, ಎದ್ದು, ಜನರ ಕಡೆ ತಿರುಗಿ, ಕಣ್ಣು ತುಂಬಿಕೊಂಡು ಬಾಗಿದ. ಪರದೆಯ ಮೇಲೂ ಅವನು ಬಾಗುತ್ತಿದ್ದ.

"ಕೂತ್ಕೊಳಯ್ಯಾ!" ಹ್ಯಾಟಿ ಅವನ ಕೋಟು ಹಿಡಿದೆಳೆದಳು. "ನೀನು ಅಡ್ಡ ನಿಂತ್ರೆ ನಮಗೆ ನೀನು ಕಾಣೋದು ಹೇಗೆ?"