ಗಾಳಿ ಟವರಿಗೆ ಎಲೆಯ ಏಣಿ

ತೋಟದಲ್ಲಿ ಗಾಳಿ ಹುಯ್ಯೆಂದು ಬೀಸುತ್ತಿತ್ತು. ಮೊಬೈಲು ಮಾತ್ರ ಗಾಳಿಯೇ ಇಲ್ಲ ಎನ್ನುತ್ತಿತ್ತು.

ಸವಣೂರಿನ ಹೊರಗೆ, ತಮ್ಮ ಎಲೆತೋಟದ ಕಾಲುವೆಯ ಪಕ್ಕ ಕುಳಿತು ಬಿಬಿಜಾನ ಕಣ್ಣು ತೊಳೆದುಕೊಳ್ಳುತ್ತಿದ್ದಳು. ಆಕೆಯ ಗಂಡ ಸಿರಾಜುದ್ದೀನ ಮೊಬೈಲಿಗೆ ಬಂದ ಸಂದೇಶ ನಂಬಿ ವೀಳ್ಯದೆಲೆಯ ಬಳ್ಳಿಗೆ ಬೆಳಿಗ್ಗೆಯೇ ಔಷಧ ಹೊಡೆಯಲು ನಿಂತಿದ್ದ. ಅರ್ಧ ಔಷಧ ಬಳ್ಳಿಗೆ ಹೋಯಿತು. ಉಳಿದದ್ದು ಹೆಂಡತಿಯ ಮುಖಕ್ಕೆ ಹೋಯಿತು. ಮುಖಕ್ಕೇನೂ ಕೊಳೆರೋಗ ಬರುವುದಿಲ್ಲ ಬಿಡಿ, ಆದರೆ ಕಣ್ಣುರಿ ತಪ್ಪಲಿಲ್ಲ.

"ನೋಡ ಇಲ್ಲಿ," ಎಂದು ಸಿರಾಜುದ್ದೀನ ಮೊಬೈಲು ಚಾಚಿದ. "ಗಾಳಿ ಶಾಂತ ಐತಿ, ಔಷಧ ಹೊಡೀರಿ ಅಂತೈತಿ. ಇದಕ್ಕ ಕಣ್ಣಿಲ್ಲೇನು?"

"ಅದಕ್ಕ ಕಣ್ಣಿದ್ದಿದ್ರ ನನ್ನಂಗ ಉರೀತಿತ್ತು," ಎಂದಳು ಬಿಬಿಜಾನ. ನಗು ಬರುವಷ್ಟು ಶಕ್ತಿ ಅವಳಲ್ಲಿರಲಿಲ್ಲ. ನಸುಕಿನಲ್ಲೇ ಎದ್ದು ಎಲೆ ಎಣಿಸಿ ಕಟ್ಟಿ ಸೊಂಟ ಹಿಡಿದುಹೋಗಿತ್ತು.

ಸಂದೇಶ ಕಳಿಸುವ ಯಂತ್ರ ದೂರದಲ್ಲೇನೂ ಇರಲಿಲ್ಲ. ಅವರದೇ ತೋಟದ ಬಯಲು ಮೂಲೆಯಲ್ಲಿ ನಿಂತಿತ್ತು. ಎಲೆ ಬೆಳೆಯುವವರೆಲ್ಲ ಸೇರಿ ಹೋದ ವರ್ಷ ಹಾಕಿಸಿಕೊಂಡದ್ದು. ಸಪೂರ ಕಬ್ಬಿಣದ ಟವರ್, ಅದರ ತುದಿಯಲ್ಲಿ ಗಾಳಿಗೆ ತಿರುಗುವ ಮೂರು ಬಟ್ಟಲು. ಪಕ್ಕದಲ್ಲಿ ಎದೆಮಟ್ಟದ ಮೂರುಕಾಲಿನ ಸ್ಟ್ಯಾಂಡು, ಅದರ ಮೇಲೆ ಮಳೆ ಅಳೆಯುವ ಡಬ್ಬಿ. ಗಾಳಿ ಎಷ್ಟು, ಮಳೆ ಎಷ್ಟು ಎಂದು ಇವು ಹೇಳುತ್ತವೆ. ಇವು ಸರಿ ಹೇಳಿದರೆ ಊರಿನ ತೋಟಗಳೆಲ್ಲ ಬದುಕುತ್ತವೆ. ಈಗ ಆ ಮೂರು ಬಟ್ಟಲು ಅಷ್ಟು ಗಾಳಿಯಲ್ಲೂ ಅಲುಗದೆ ನಿಂತಿದ್ದವು.

ಸಿರಾಜುದ್ದೀನ ವಿದ್ಯಾಳಿಗೆ ಫೋನು ಹಚ್ಚಿದ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯ ಇಂಥ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಹುಡುಗಿ ಅವಳು.

"ಚಾಚಾ, ನಾ ಚಿಕ್ಕೇರೂರಾಗ ಅದೀನ್ರಿ," ಎಂದಿತು ಆ ಕಡೆಯ ದಣಿದ ದನಿ. "ಇಲ್ಲಿ ಯಾರೋ ಮಳಿ ಡಬ್ಬಿ ಸ್ಟ್ಯಾಂಡಿಗೆ ಆಕಳಾ ಕಟ್ಯಾರ. ಡಬ್ಬಿ ನೆಲಾ ಕಂಡೈತಿ. ನಾಳಿ ಮುಂಜಾನೆ ಬರ್ತೇನಿ. ಅಲ್ಲೀತನಕ ಯಾರೂ ಟವರ್ ಹತ್ತಬ್ಯಾಡ್ರಿ."

"ಆತು, ಆತು," ಎಂದು ಸಿರಾಜುದ್ದೀನ ಫೋನಿಟ್ಟ. ಇಟ್ಟವನು ನೇರ ಹೋಗಿ ಎಲೆ ಕೊಯ್ಯುವ ಬಿದಿರಿನ ಏಣಿ ಹೆಗಲಿಗೇರಿಸಿಕೊಂಡ.

ಬಿಬಿಜಾನ ಕಣ್ಣು ತೊಳೆಯುವುದನ್ನು ಬಿಟ್ಟು ಎದ್ದಳು. ಮದುವೆಯಾಗಿ ಬಂದಾಗಿನಿಂದ ಆಕೆ ಆ ಏಣಿಯ ಬುಡ ಹಿಡಿಯುತ್ತ ಬಂದವಳು. ಎಲೆಬಳ್ಳಿ ಚೊಗಚೆ ಮರಕ್ಕೆ, ನುಗ್ಗೆ ಮರಕ್ಕೆ ಹಬ್ಬಿರುತ್ತದೆ. ಆ ಮರಕ್ಕೆ ಏಣಿ ಒರಗಿಸಿ ಬರಿಗಾಲಲ್ಲಿ ಹತ್ತಿ ಎಲೆ ಕೊಯ್ಯುವುದು ಇಲ್ಲಿಯ ಗಂಡಸರಿಗೆ ಅಂಗಳದಲ್ಲಿ ನಡೆದಷ್ಟೇ ಸಲೀಸು. ಸಲೀಸು ಎಂದುಕೊಂಡೇ ಸಿರಾಜುದ್ದೀನ ಒಂದು ಮಳೆಗಾಲದಲ್ಲಿ ನುಗ್ಗೆ ಮರದಿಂದ ಬಿದ್ದಿದ್ದ. ಅವತ್ತಿನಿಂದ ಅವನ ಬಲಗೈ ಹೆಗಲಿನಿಂದ ಮೇಲೆ ಏಳುವುದಿಲ್ಲ. ಅವನು ಅದನ್ನು ಮರೆತಿದ್ದಾನೆ. ಅವಳು ಮರೆತಿಲ್ಲ.

"ಬ್ಯಾಡ್ರಿ. ಆ ಹುಡುಗಿ ನಾಳಿ ಬರ್ತಾಳ."

"ನಾಳಿತನಕ ಮತ್ತೊಬ್ರ ತೋಟದಾಗೂ ಔಷಧ ಗಾಳಿಪಾಲಾಗ್ಬೇಕೇನು? ದಿನಾ ಏಣಿ ಹತ್ತಾಂವ ನಾ. ಬುಡ ಹಿಡಿ, ಬಾ."

ಅವಳು ಹೋಗಿ ಹಿಡಿದಳು. ಮತ್ತೊಮ್ಮೆ ಬೇಡ ಎನ್ನುವುದಕ್ಕೂ ಒಂದು ತ್ರಾಣ ಬೇಕಲ್ಲ, ಅದು ಅವತ್ತು ಅವಳಲ್ಲಿ ಇರಲಿಲ್ಲ.

ಅವನು ನಾಲ್ಕೈದು ಮೆಟ್ಟಿಲು ಏರಿದ್ದನೋ ಇಲ್ಲವೋ, ಟವರ್ ಕಿರ್ರೆಂದು ಅವರ ಕಡೆಗೇ ವಾಲಿತು. ಏಣಿಯ ತುದಿ ಕಬ್ಬಿಣದ ಮೇಲೆ ಸರಕ್ಕನೆ ಜಾರಿತು. ಸಿರಾಜುದ್ದೀನ ಎಡಗೈಯಲ್ಲಿ ಟವರಿನ ಒಂದು ಪಟ್ಟಿ ಹಿಡಿದು ಜೋತುಬಿದ್ದ, ಆಮೇಲೆ ಅಂಗೈ ಕಿತ್ತುಕೊಳ್ಳುತ್ತ ಕೆಳಗಿಳಿದ. ಏಣಿ ಬಿಬಿಜಾನಳ ಕಿವಿಯ ಪಕ್ಕದಿಂದ ಹಾದು ನೆಲಕ್ಕೆ ಬಡಿಯಿತು.

"ಏನಾಗಿಲ್ಲ, ಏನಾಗಿಲ್ಲ," ಎಂದು ಅವನು ನಕ್ಕ. ಅವಳು ಬಿದ್ದ ಏಣಿಯ ಪಕ್ಕದಲ್ಲೇ ಕುಳಿತುಬಿಟ್ಟಳು.

ಮರುದಿನ ಬೆಳಿಗ್ಗೆ ವಿದ್ಯಾ ಬಂದಳು. ಜೊತೆಗೆ ಟವರ್ ಹತ್ತುವ ಲೋಹಿತನಿದ್ದ. ಇಬ್ಬರ ಮುಖದಲ್ಲೂ ನಿದ್ದೆ ಸಾಲದ ಕಳೆ. ವಿದ್ಯಾ ಚೀಲ ಬಿಚ್ಚಲಿಲ್ಲ. ಮೊದಲು ಟವರಿನ ಸುತ್ತ ಒಂದು ಸುತ್ತು ಬಂದಳು. ಕರೆಂಟಿನ ತಂತಿ ಎಷ್ಟು ದೂರ ಇದೆ ನೋಡಿದಳು. ಟವರನ್ನು ಬಿಗಿದಿಟ್ಟಿರುವ ಮೂರು ಉಕ್ಕಿನ ತಂತಿಗಳನ್ನು ಒಂದೊಂದಾಗಿ ಕೈಯಿಂದ ಅಲುಗಿಸಿದಳು. ಮೂರನೆಯ ತಂತಿಯ ಹತ್ತಿರ ನಿಂತೇಬಿಟ್ಟಳು. ಅದು ನೆಲದ ಗೂಟದಲ್ಲಿರಲಿಲ್ಲ. ಚೊಗಚೆ ಮರಕ್ಕೆ ಸುತ್ತಿತ್ತು.

"ಚಾಚಾ, ಇದನ್ನ ಯಾರು ಕಟ್ಟಿದ್ರಿ?"

"ನಾನ ಕಟ್ಟೇನಿ. ಗೂಟ ನೀರಿನ ಕಾಲುವಿಗಿ ಅಡ್ಡ ಬರ್ತಿತ್ತು. ಕಿತ್ತು ಗಿಡಕ್ಕ ಕಟ್ಟಿದೆ. ನಮ್ಮ ತೋಟದಾಗ ಎಲ್ಲಾ ಗಿಡಕ್ಕ ಕಟ್ಟತೇವಿ. ಬಳ್ಳಿ ಕಟ್ಟತೇವಿ, ಹಗ್ಗಾ ಕಟ್ಟತೇವಿ, ಊಟದ ಗಂಟೂ ಕಟ್ಟತೇವಿ. ಚೊಗಚಿ ಗಟ್ಟಿ ಗಿಡ."

"ಗಟ್ಟಿ ಖರೇರಿ. ಆದ್ರ ಅದು ಬೆಳೀತೈತಿ, ಗಾಳಿಗೆ ತೂಗತೈತಿ. ಅದು ಆ ಕಡೆ ತೂಗಿದಾಗ ಟವರನ್ನ ಎಳೀತೈತಿ, ಈ ಕಡೆ ಬಂದಾಗ ತಂತಿ ಸಡ್ಲ ಬಿಡತೈತಿ. ಗಿಡಕ್ಕ ಬೇರ ಅದಾವ ಚಾಚಾ, ಟವರಿಗೆ ಬೇರಿಲ್ಲ. ಈ ಮೂರು ತಂತಿನ ಅದಕ್ಕ ಬೇರು. ನೀವು ಒಂದು ಬೇರು ಕಿತ್ತೀರಿ."

"ಮತ್ತ ಇವರು ನಿನ್ನೆ ಅದಕ್ಕ ಏಣಿ ಹಚ್ಚಿ ಹತ್ಯಾರ," ಎಂದಳು ಬಿಬಿಜಾನ.

ಸಿರಾಜುದ್ದೀನ ಅವಳನ್ನು ದುರುಗುಟ್ಟಿ ನೋಡಿದ. ವಿದ್ಯಾ ಬೈಯಲಿಲ್ಲ. ಕಾಲುವೆಯ ಬದುವಿನ ಮೇಲೆ ಕುಳಿತು ಎರಡೂ ಕೈಯಿಂದ ಮುಖ ಒರೆಸಿಕೊಂಡಳು.

"ಚಾಚಾ, ಇದನ್ನ ಹೇಳಿ ಹೇಳಿ ನನಗ ಸಾಕಾಗೇತ್ರಿ. ಹಾನಗಲ್ಲದಾಗ ಟವರಿನ ತಂತಿಗೆ ಬಟ್ಟಿ ಒಣಾ ಹಾಕ್ಯಾರ. ಶಿಗ್ಗಾಂವದಾಗ ಸಿಡಲ ಬಡದ್ರ ನೆಲಕ್ಕ ಇಳಸೋ ತಾಮ್ರದ ತಂತಿನ ಕತ್ತರಿಸ್ಕೊಂಡು ಹೋಗ್ಯಾರ. ಇಲ್ಲಿ ನೀವು ಎಲಿ ಏಣಿ ಹಚ್ಚೀರಿ. ಗಿಡಾ ನಿಮ್ಮ ಭಾರಾ ತಡೀತೈತಿ. ಈ ಟವರ್ ಒಂದ ಬದಿಗೆ ಭಾರಾ ಬಿದ್ರ ಮಕಾಡೆ ಬೀಳತೈತಿ. ಬಿದ್ರ ನಿಮ್ಮ ಮ್ಯಾಲ, ಇಲ್ಲಾ ಚಾಚಿ ಮ್ಯಾಲ."

ಆಮೇಲೆ ಕೆಲಸ ನಡೆಯಿತು. ಕಾಲುವೆಯಿಂದ ಆಚೆ, ಗಟ್ಟಿ ನೆಲದಲ್ಲಿ ಲೋಹಿತ ಹೊಸ ಗೂಟ ಬಡಿದ. ಮೂರೂ ತಂತಿಗಳನ್ನು ಸಮನಾಗಿ ಬಿಗಿದರು. ಒಂದನ್ನೇ ಹೆಚ್ಚು ಬಿಗಿದರೂ ಟವರ್ ಡೊಂಕಾಗುತ್ತದೆಂದು ವಿದ್ಯಾ ತೂಕದ ದಾರ ಇಳಿಬಿಟ್ಟು ನೆಟ್ಟಗಿದೆಯೇ ಎಂದು ನೋಡಿದಳು. ಸುತ್ತ ಹಗ್ಗ ಕಟ್ಟಿ, ಅದರೊಳಗೆ ಯಾರೂ ಬರಬಾರದು ಎಂದಳು. ಮೇಲಿಂದ ನಟ್ಟು ಬಿಗಿಯುವ ಒಂದು ಸಣ್ಣ ಪಾನಾ ಬಿದ್ದರೂ ತಲೆ ಒಡೆಯುತ್ತದೆ. ಲೋಹಿತ ಹೆಲ್ಮೆಟ್ಟು ಹಾಕಿ, ಹೆಗಲು ತೊಡೆ ಎಲ್ಲ ಬಿಗಿಯುವ ಬೆಲ್ಟು ತೊಟ್ಟು, ಅದರ ಕೊಂಡಿಯನ್ನು ಟವರಿಗೆ ಸಿಕ್ಕಿಸುತ್ತ ಹತ್ತತೊಡಗಿದ.

ಅರ್ಧಕ್ಕೆ ಹೋಗಿದ್ದ. ಹಾನಗಲ್ಲದ ದಿಕ್ಕಿಗೆ ದೂರದಲ್ಲಿ ಗುಡುಗಿತು.

"ಲೋಹಿತಾ, ಇಳಿ," ಎಂದಳು ವಿದ್ಯಾ.

"ಅಯ್ಯ, ಎಲ್ಲೋ ಗುಡುಗಿದ್ರ ಇಲ್ಲೇನು?" ಎಂದ ಸಿರಾಜುದ್ದೀನ. "ಇನ್ನೊಂದೀಟು ಹತ್ತಿದ್ರ ಬಟ್ಟಲು ಕೈಗೆ ಸಿಗತಾವ. ಎರಡು ನಿಮಿಷದ ಕೆಲಸ!"

"ಗುಡುಗು ಕಿವೀಗೆ ಬಿತ್ತಂದ್ರ ಸಿಡ್ಲು ಇಲ್ಲಿಗೂ ಬರಬಹುದ್ರಿ. ಇಳಿ ಲೋಹಿತಾ."

ಅವನು ಇಳಿದ. ಎಲ್ಲರೂ ಟವರನ್ನೂ ಮರಗಳನ್ನೂ ಬಿಟ್ಟು ಮನೆಗೆ ಬಂದರು. ಮಳೆ ಬಂತು, ಸುಮಾರಾಗಿ ಸುರಿಯಿತು. ಸಿಡಿಲು ಗಿಡಿಲು ಏನೂ ಬೀಳಲಿಲ್ಲ. ಬಿಬಿಜಾನ ಚಹಾ ಮಾಡಿ ಕೊಟ್ಟಳು. ಸಿರಾಜುದ್ದೀನ ಬಾಗಿಲಲ್ಲಿ ನಿಂತು ಮಳೆ ನೋಡಿ ನೋಡಿ ಕೊನೆಗೆ ಅಂದೇಬಿಟ್ಟ.

"ನೋಡಿದ್ರೇನು? ಏನಾತು? ಏನೂ ಆಗ್ಲಿಲ್ಲ. ಸುಮ್ನ ಒಂದು ದಿನಾ ಹೋತು."

ವಿದ್ಯಾ ಚಹಾದ ಬಟ್ಟಲು ಕೆಳಗಿಟ್ಟಳು. "ಹೌದ್ರಿ ಚಾಚಾ, ಏನೂ ಆಗ್ಲಿಲ್ಲ. ನಾವಿಬ್ರೂ ಮನೀಗೆ ಹೊಂಟೇವಿ. ದಿನಾ ಏನೂ ಆಗದಂಗ ಮನೀಗೆ ಹೋಗೋದ ನಮ್ಮ ಕೆಲಸ. ನಾಳಿ ಮತ್ತ ಬರ್ತೇವಿ."

ದೂರದ ದಾರಿ, ಒದ್ದೆ ಬಟ್ಟೆ, ಆಗದ ಕೆಲಸ. ಗುಡುಗು ನಿಂತ ಮೇಲೆ ತುಂತುರಿನಲ್ಲೇ ಗಾಡಿ ಚಾಲೂ ಮಾಡಿಕೊಂಡು ಹೋದ ಆ ಹುಡುಗಿಯ ಬೆನ್ನು ನೋಡಿ ಬಿಬಿಜಾನಳಿಗೆ ಕರುಳು ಚುರ್ರೆಂದಿತು. ದಣಿದವರನ್ನು ದಣಿದವರೇ ಬಲ್ಲರು. ಆದರೂ ಆ ಹುಡುಗಿ ದಣಿದಿದ್ದೇನೆಂದು ಎರಡು ನಿಮಿಷದ ಕೆಲಸ ಮುಗಿಸಿಬಿಡಲಿಲ್ಲವಲ್ಲ ಎಂದುಕೊಂಡಳು.

ಸಂಜೆಗೆ ಮಳೆ ನಿಂತು ಬಿಸಿಲು ಬಿತ್ತು. ಬಿಬಿಜಾನ ಹಿತ್ತಲಿಗೆ ಬಂದರೆ ಸಿರಾಜುದ್ದೀನ ಮತ್ತೆ ಏಣಿ ಹೊತ್ತಿದ್ದ.

"ಈಗ ತಂತಿ ಬಿಗಿ ಆಗ್ಯಾವ," ಎಂದ. "ನಿನ್ನೆ ತಪ್ಪಿದ್ದು ತಂತೀದು. ಇವತ್ತು ಏನೂ ಆಗಂಗಿಲ್ಲ. ಬಾ, ಬುಡ ಹಿಡಿ."

"ಟವರ್ ತೊಯ್ದೈತಿ. ಬೆಲ್ಟಿಲ್ಲ. ನಿಮ್ಮ ಕೈ ಮ್ಯಾಲ ಏಳಂಗಿಲ್ಲ. ನಾ ಹಿಡಿಯಂಗಿಲ್ಲ."

ಅವನು ಅವಳ ಕಡೆ ತಿರುಗಿದ. ಇಷ್ಟು ವರ್ಷದಲ್ಲಿ ಅವಳು ಹಾಗೆ ಅಂದದ್ದಿಲ್ಲ.

"ಹಿಡಿಯಂಗಿಲ್ಲಂದ್ರ?"

"ಸಾಕಾಗೇತಿ ನನಗ," ಎನ್ನುತ್ತ ಬಿಬಿಜಾನ ಹಿತ್ತಲ ಕಟ್ಟೆಯ ಮೇಲೆ ಕುಳಿತಳು. ದನಿ ಏರಲಿಲ್ಲ, ಏರಿಸುವ ತ್ರಾಣವೂ ಇರಲಿಲ್ಲ. "ನೀವು ಮ್ಯಾಲ ಹೋಗ್ತೀರಿ. ನಿಮಗ ಎಲಿ ಕಾಣತಾವ, ಮುಗಿಲು ಕಾಣತೈತಿ. ಕೆಳಗ ನಿಂತ ನನಗ ನಿಮ್ಮ ಅಂಗಾಲಷ್ಟ ಕಾಣತಾವ. ಈಗ ಜಾರ್ತಾವ, ಈಗ ಜಾರ್ತಾವ ಅಂತ ಅವನ್ನ ನೋಡಕೋತ ನನ್ನ ಹರೇ ಮುಗೀತು. ಎಲಿ ಕೊಯ್ಯಾಕ ಹಿಡಿತೇನಿ, ಅದು ನಮ್ಮ ಅನ್ನ. ಇದಕ್ಕ ಹಿಡಿಯಂಗಿಲ್ಲ. ಇದನ್ನ ಹತ್ತಾಕ ಕಲ್ತವರು ಅದಾರ, ನಾಳಿ ಬರ್ತಾರ."

ಸಿರಾಜುದ್ದೀನ ಏಣಿಯನ್ನು ಹೆಗಲಿನಿಂದ ಇಳಿಸಿದ. ಬುಡ ಹಿಡಿಯುವವರಿಲ್ಲದೆ ಅವನು ಎಂದೂ ಹತ್ತಿದವನಲ್ಲ. ಅದನ್ನು ಗೋಡೆಗೆ ಆನಿಸಿದ. ಬಂದು ಕಟ್ಟೆಯ ಮೇಲೆ, ಅವಳ ಪಕ್ಕ ಕುಳಿತ.

"ಅಷ್ಟು ಹೆದರ್ತಿದ್ದೇನು?" ಎಂದು ಕೇಳಿದ.

"ಈಗ ಕೇಳಿದ್ರಲ್ಲಾ," ಎಂದಳು ಅವಳು.

ಮರುದಿನ ಬಾನು ತಿಳಿಯಾಗಿತ್ತು. ಲೋಹಿತ ಬೆಲ್ಟು ತೊಟ್ಟು ತುದಿಗೆ ಹತ್ತಿದ. ಬಟ್ಟಲುಗಳ ಬುಡದಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ತೆಗೆದು ಒರೆಸಿದ್ದೇ ತಡ ಬಟ್ಟಲು ಗಿರ್ರನೆ ತಿರುಗಿದವು. ಕೆಳಗೆ ವಿದ್ಯಾ ಬಿಬಿಜಾನಳನ್ನು ಮಳೆ ಡಬ್ಬಿಯ ಹತ್ತಿರ ಕರೆದಳು. ಅದರ ಬಾಯಲ್ಲಿ ಚೊಗಚೆಯ ಎಲೆ ಕೊಳೆತು ಕುಳಿತಿತ್ತು.

"ಚಾಚಿ, ನೆಲದ ಮ್ಯಾಲ ನಿಂತು ಕೈಗೆ ಸಿಗೋದು ನಿಮ್ಮ ಕೆಲಸ. ಕೈಗೆ ಸಿಗದ್ದು ನಮ್ಮ ಕೆಲಸ. ಸ್ವಚ್ಛ ಮಾಡೋಕಿಂತ ಮದ್ಲ ನನಗೊಂದು ಫೋನ್ ಮಾಡ್ರಿ, ಇಲ್ಲಾಂದ್ರ ನೀವು ಸುರುವಿದ ನೀರನ್ನೂ ಅದು ಮಳಿ ಅಂತ ಬರ್ಕೋತೈತಿ. ಎಲಿ ಕೈಲೆ ತಗೀರಿ, ಮೆತ್ತನ ಅರಿವಿಲೆ ಒರಸ್ರಿ. ಕಡ್ಡಿ ಹಾಕಿ ತಿವೀಬ್ಯಾಡ್ರಿ."

ಬಿಬಿಜಾನ ಒರೆಸುತ್ತಿರುವಾಗ ನೆರೆಯ ತೋಟದ ಚಂದ್ರಪ್ಪ ನೋಡಲು ಬಂದವನು ಹಗ್ಗ ದಾಟಿ ಟವರಿನ ಬುಡಕ್ಕೇ ಹೊರಟ. ಸಿರಾಜುದ್ದೀನ ಅವನ ತೋಳು ಹಿಡಿದು ಹಿಂದಕ್ಕೆಳೆದ.

"ದೂರ ನಿಂದ್ರೋ ಮಾರಾಯಾ. ಮ್ಯಾಲ ಮನಶ್ಯಾ ಅದಾನ. ನಿನ್ನ ಮನ್ಯಾಗೂ ಹೆದರೋರು ಇದ್ದಾರು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದಲ್ಲೋ ಶಾಲೆಯ ಬಯಲಲ್ಲೋ ಇಂಥದೊಂದು ಟವರ್ ಇಲ್ಲವೇ ಮೂರುಕಾಲಿನ ಸ್ಟ್ಯಾಂಡು ಇರಬಹುದು. ಅದು ನಿಮ್ಮದೇ, ನಿಮ್ಮ ಬೆಳೆಗಾಗಿ ನಿಂತಿದೆ. ಅದರ ತಂತಿಯನ್ನು ಮರಕ್ಕೆ ಕಟ್ಟಬೇಡಿ, ಅದಕ್ಕೆ ದನ ಕಟ್ಟಬೇಡಿ, ಬಟ್ಟೆ ಒಣಹಾಕಬೇಡಿ, ನೆಲಕ್ಕಿಳಿದ ತಾಮ್ರದ ತಂತಿಯನ್ನು ಮುಟ್ಟಬೇಡಿ. ಹೊಸದಾಗಿ ನಿಲ್ಲಿಸುವಾಗ ಅದು ಬಿದ್ದರೂ ಕರೆಂಟಿನ ತಂತಿಗೆ ತಾಗದಷ್ಟು ದೂರ ನಿಲ್ಲಿಸಲು ಹೇಳಿ. ದೊಡ್ಡ ಗಾಳಿ ಬಂದು ಹೋದ ಮೇಲೆ ದೂರದಿಂದಲೇ ನೋಡಿ, ವಾಲಿದ್ದರೆ, ತಂತಿ ಸಡಿಲಾಗಿದ್ದರೆ, ನೋಡಿಕೊಳ್ಳುವವರಿಗೆ ಫೋನು ಮಾಡಿ. ಅವರು ಬರುವುದು ಒಂದು ದಿನ ತಡವಾಗಬಹುದು, ಅಷ್ಟು ತಡೆದುಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮನೆಯವರೊಬ್ಬರು ಏಣಿ ಹೊತ್ತು ಟವರಿನ ಕಡೆ ಹೊರಟು, ಬಾ, ಬುಡ ಹಿಡಿ ಎಂದು ಕರೆಯಬಹುದು. ಅವರ ಮೇಲೆ ನಿಮಗೆ ಜೀವ ಇದ್ದರೆ, ದಯವಿಟ್ಟು ಹಿಡಿಯಬೇಡಿ.